ಮೂರು ರವಿವಾರದ ಉಡಿ

ನಾನು ಆ ಕೆಲಸಕ್ಕೆ ಸೇರಿದ್ದು ಸೇವೆಯ ಹುಮ್ಮಸ್ಸಿನಿಂದ ಅಂತ ಯಾರಾದರೂ ತಿಳಿದರೆ ಅದು ಅವರ ಒಳ್ಳೆಯತನ. ಖರೆ ಹೇಳಬೇಕೆಂದರೆ ನನಗೆ ರವಿವಾರ ಕಳೆಯುತ್ತಿರಲಿಲ್ಲ. ಹುನಗುಂದದ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಾದಾಮಿಯ ತವರಿಗೆ ಹೋದರೆ ಅವ್ವ ನನ್ನ ಬರಿ ಹಣೆ ನೋಡಿ ಅಳುತ್ತಿದ್ದಳು, ಹಾಗಾಗಿ ಅಲ್ಲಿಗೂ ಹೋಗುವುದು ಬಿಟ್ಟಿದ್ದೆ. ವಾರವೆಲ್ಲ ಹುಡುಗರ ಗದ್ದಲದಲ್ಲಿ ಹೇಗೋ ಸಾಗುತ್ತಿತ್ತು. ಶನಿವಾರ ಮುಂಜಾನೆಯ ಶಾಲೆ ಬಿಟ್ಟಿತೆಂದರೆ, ಓಣಿಯ ಹೆಂಗಸರು ಅರಿಷಿಣ-ಕುಂಕುಮಕ್ಕೆ ಅಂತ ಓಡಾಡುವಾಗ, ನಾನು ಬಾಗಿಲು ಮುಂದೆ ಮಾಡಿಕೊಂಡು ಅಕ್ಕಿ ಆರಿಸುತ್ತಿದ್ದೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದ್ದೂ ಉಂಟು.

ಇಳಕಲ್ಲಿನಲ್ಲಿ ಸಣ್ಣ ದವಾಖಾನೆ ನಡೆಸುತ್ತಿದ್ದ ಡಾಕ್ಟರ್ ಬಾಯಾರೊಬ್ಬರಿಗೆ ಶನಿವಾರ, ರವಿವಾರ ಮಾತ್ರ ಬರುವ ಹೆಣ್ಣುಮಗಳು ಬೇಕಾಗಿದ್ದಳು. ಎಂಬತ್ತರ ದಶಕದ ಕೊನೆಯ ವರ್ಷಗಳವು. ಏಡ್ಸ್ ಎಂಬ ಹೆಸರು ಆಗಿನ್ನೂ ಪತ್ರಿಕೆಯ ಒಳಪುಟದ ಮೂಲೆಯಲ್ಲಿತ್ತು. ನಮ್ಮ ಮಂದಿಗೆ ಅದು ಎಲ್ಲೋ ದೊಡ್ಡ ಪಟ್ಟಣದ ಸುದ್ದಿ. ಈ ರೋಗದ ತರಬೇತಿ ಮುಗಿಸಿ ಬಂದಿದ್ದ ಬಾಯಾರು ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು.

“ಹೊಸಾ ರೋಗ ಬಂದದ. ಅದಕ್ಕ ಔಷಧ ಇಲ್ಲ. ಲಾರಿ ಓಡಾಡೋ ಊರಿಗೆ ಅದು ಬಂದ ಬರ್ತದ. ಅದು ಬರೋದರೊಳಗ ನಾವು ಮಾತಾಡೋದು ಕಲೀಬೇಕು.”

ಇಳಕಲ್ಲಿನ ಕೆಂಪು ಕಲ್ಲು ಹೇರಿಕೊಂಡ ಲಾರಿಗಳು ದಿನಾ ದೂರದೂರುಗಳಿಗೆ ಹೋಗಿ ಬರುತ್ತಿದ್ದವು. ಹೊಸ ರೋಗ ಬರಬೇಕಾದ ದಾರಿಯಲ್ಲಿ ಹಳೆಯ ಗುಪ್ತರೋಗಗಳು ಆಗಲೇ ಬಂದು ಮನೆ ಮಾಡಿದ್ದವು. ಅವನ್ನು ಹುಡುಕಿ ವಾಸಿ ಮಾಡುವುದು, ಹೆಣ್ಣುಮಕ್ಕಳಿಗೆ ತಿಳಿಸಿ ಹೇಳುವುದು, ನಿರೋಧ ಹಂಚುವುದು, ಇಷ್ಟು ನಮ್ಮ ಕೆಲಸ.

ಮಾತಾಡುವುದು ಮೊದಲು ಕಲಿಯಬೇಕಾದವಳು ನಾನೇ. ನೇಕಾರರ ಓಣಿಯ ಬೇವಿನ ಗಿಡದ ಕೆಳಗೆ ಹತ್ತು ಹನ್ನೆರಡು ಹೆಂಗಸರನ್ನು ಸೇರಿಸಿಕೊಂಡು ನಿಂತೆ. ನಾಚಿಕೆಗೆ ಹೆದರಿ ಪಾಠದ ಪುಸ್ತಕದ ಹಾಗೆ ಸುರುಮಾಡಿದೆ: ಜನನಾಂಗ, ಸಂಪರ್ಕ, ಸೋಂಕು. ಯಾರೂ ಕಣ್ಣು ಮಿಟುಕಿಸಲಿಲ್ಲ. ಕೈಯಲ್ಲಿ ನೂಲಿನ ಲಡಿ ಹಿಡಿದುಕೊಂಡೇ ಬಂದು ಕೂತಿದ್ದ ಒಬ್ಬ ವಯಸ್ಸಾದ ವಿಧವೆ ಕೊನೆಗೆ, “ಅಕ್ಕಾರ, ಇದು ಯಾವ ಊರ ಮಾತ್ರಿ?” ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಸಿಟ್ಟಿನಲ್ಲೇ ಪುಸ್ತಕ ಮುಚ್ಚಿ, ನಿರೋಧದ ಪೊಟ್ಟಣ ಹರಿದು ಎತ್ತಿ ಹಿಡಿದು, ಇದು ಏನು, ಯಾಕೆ, ಯಾರು ಹಾಕಿಕೊಳ್ಳಬೇಕು ಅಂತ ಬಾವಿಕಟ್ಟೆಯ ಮಾತಿನಲ್ಲಿ ಹೇಳಿಬಿಟ್ಟೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮುದುಕಿ ಮಾತ್ರ ಸೆರಗು ಮುಟ್ಟದೆ ನೆಟ್ಟಗೆ ನೋಡುತ್ತ ಕೂತಿದ್ದಳು.

ಆ ಮುದುಕಿಯ ಸೊಸೆಯೇ ಈ ಕತೆಯ ಹುಡುಗಿ. ಇಪ್ಪತ್ತರ ಆಸುಪಾಸಿನವಳು. ಗಂಡ ಕಲ್ಲಿನ ಲಾರಿ ಓಡಿಸುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವಳಿಗೆ ಎರಡು ಕೂಸು ಸತ್ತೇ ಹುಟ್ಟಿದ್ದವು. ಈಗ ಮೂರನೆಯದು, ನಾಲ್ಕು ತುಂಬಿ ಐದರಲ್ಲಿತ್ತು. ಬಸುರಿಯರ ರಕ್ತ ತಪಾಸಣೆ ಮಾಡಿದ ದಿನ ಅವಳೂ ತೋಳು ಕೊಟ್ಟಳು. ರಕ್ತದ ಸೀಸೆಗಳನ್ನು ಊಟದ ಡಬ್ಬಿಯಲ್ಲಿ ಬರ್ಫ್ ಹಾಕಿ ಇಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಬಾಗಲಕೋಟೆಗೆ ಒಯ್ಯುವುದು ನನ್ನ ಪಾಲಿನ ಕೆಲಸ. ಡಬ್ಬಿಯಿಂದ ನೀರು ಸೋರುವುದನ್ನು ನೋಡಿ ಕಂಡಕ್ಟರ್, “ಪಲ್ಯಾ ಚೆಲ್ಲಾಕತ್ತೈತ್ರಿ ಅಕ್ಕಾರ” ಎಂದ. ಒಂದು ವಾರಕ್ಕೆ ಉತ್ತರ ಬಂತು. ಅವಳ ರಕ್ತದಲ್ಲಿ ರೋಗವಿತ್ತು, ಮಂದಿ ಗರ್ಮಿ ಅನ್ನುವ ರೋಗ. ಹಿಂದಿನ ಎರಡೂ ಕೂಸುಗಳನ್ನು ಒಯ್ದದ್ದು ಅದೇ ಇರಬೇಕು ಎಂದರು ಬಾಯಾರು. ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಆದರೆ ಈ ಕೂಸು ಉಳಿಯಬಹುದು. ಗಂಡನಿಗೂ ಆಗಬೇಕು, ಇಲ್ಲದಿದ್ದರೆ ಅವನು ಮತ್ತೆ ತಂದುಕೊಡುತ್ತಾನೆ.

ಹುಡುಗಿಯನ್ನು ಕರೆಸಿ ಮೆತ್ತಗೆ ಹೇಳಿದೆವು. ಅವಳು ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು, “ಮನ್ಯಾಗ ಹೇಳಬ್ಯಾಡ್ರಿ ಅಕ್ಕಾರ. ನಾನ ತಂದೇನಿ ಅಂತಾರ, ತವರಿಗೆ ಅಟ್ಟತಾರ” ಎಂದಳು. ತವರಿನಲ್ಲಿ ಅವಳಿಗೆ ಅಣ್ಣನೊಬ್ಬನೇ ಇದ್ದ, ಅವನ ಮನೆಯಲ್ಲಿ ಜಾಗವಿರಲಿಲ್ಲ. ಅತ್ತೆ ಅವಳನ್ನು ಒಬ್ಬಳೇ ಓಣಿ ದಾಟಲೂ ಬಿಡುತ್ತಿರಲಿಲ್ಲ. ಎರಡು ಹೋದ ಮೇಲೆ ಮೂರನೆಯದಕ್ಕೆ ಕಣ್ಣು ತಾಗೀತು ಅಂತ ಹೆದರಿಕೆ. ಅಂಥ ಮನೆಯಿಂದ ಮೂರು ರವಿವಾರ ಅವಳನ್ನು ಹೊರಗೆ ತರುವುದು ಹೇಗೆ?

ಉಪಾಯ ಹೊಳೆದದ್ದು ನನಗೇ, ಅದರ ಜಂಭವೂ ಸ್ವಲ್ಪ ಇತ್ತು. ಬಸುರಿ ಹೆಣ್ಣುಮಗಳನ್ನು ಮನೆಗೆ ಕರೆದು, ಊಟ ಹಾಕಿ, ಸೆರಗು ಒಡ್ಡಿಸಿ ಅದರಲ್ಲಿ ಅಕ್ಕಿ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಉಡಿಗೆ ಕರೆದರೆ ಯಾವ ಅತ್ತೆಯೂ ಒಲ್ಲೆ ಎನ್ನುವುದಿಲ್ಲ. ಬಾಯಾರದು ಮೂರು ರವಿವಾರದ ಹರಕೆ ಅಂತ ಹೇಳಿದರಾಯಿತು. ಬಾಯಾರು ದೇವರು ದಿಂಡರು ಅಂದರೆ ಮೂಗು ಮುರಿಯುವವರು. “ನನ್ನ ಕಡಿಂದ ಇದನ್ನೂ ಮಾಡಸ್ತೀ ಏನು?” ಎಂದು ಗೊಣಗಿದರು. ಆದರೆ ಮರುದಿನ ಪೇಟೆಗೆ ಹೋಗಿ ಗುಳೇದಗುಡ್ಡದ ಖಣ ಆರಿಸಿ ತಂದವರೂ ಅವರೇ.

ನಾನು ಕರೆಯಲು ಹೋದೆ. ಮುದುಕಿ ಪಡಸಾಲೆಯಲ್ಲಿ ರಾಟಿ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಬಾಯಾರ ಹರಕೆಯ ಸುದ್ದಿಯನ್ನು ಪಟಪಟ ಒಪ್ಪಿಸಿದೆ. ಅವಳು ರಾಟಿ ನಿಲ್ಲಿಸಿ ನನ್ನ ಹಣೆ ನೋಡಿದಳು, ಆಮೇಲೆ ಬಳೆಯಿಲ್ಲದ ಕೈ ನೋಡಿದಳು.

“ಉಡಿಗೆ ಕರ್ಯಾಕ ನಿಮ್ಮನ್ನ ಕಳಿಸ್ಯಾರೇನ್ರಿ?” ಎಂದಳು.

ಆಗ ತಿಳಿಯಿತು ನಾನು ಮಾಡಿದ ತಪ್ಪು. ಉಡಿ ತುಂಬುವವಳು ಮುತ್ತೈದೆ, ಕರೆಯಲು ಬರುವವಳೂ ಮುತ್ತೈದೆ. ಗಂಡ ಸತ್ತವಳನ್ನು ಯಾರೂ ಆ ಕೆಲಸಕ್ಕೆ ಕಳಿಸುವುದಿಲ್ಲ. ಉಪಾಯದ ಸಂಭ್ರಮದಲ್ಲಿ ನಾನು ಏನಾಗಿದ್ದೇನೆ ಎಂಬುದನ್ನೇ ಮರೆತಿದ್ದೆ. ಗಂಡ ಹೋದ ನಾಲ್ಕು ವರ್ಷದಲ್ಲಿ ಅದೇ ಮೊದಲ ಸಲ ಮರೆತದ್ದು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಮುದುಕಿ ಇನ್ನೊಂದು ಮಾತು ಕೇಳಿದ್ದರೆ ಎಲ್ಲ ಬಯಲಾಗುತ್ತಿತ್ತು. ಅವಳು ಕೇಳಲಿಲ್ಲ. ಒಳಗೆ ಮುಖ ಮಾಡಿ, ಬೇರೆ ಸೀರೆ ಉಟ್ಟುಕೋ ಎಂದು ಸೊಸೆಗೆ ಕೂಗಿ ಹೇಳಿ ಮತ್ತೆ ರಾಟಿ ತಿರುಗಿಸಿದಳು.

ಮೊದಲ ರವಿವಾರ ಪಂಪ್ ಸ್ಟೋವಿನ ಮೇಲೆ ಸಿರಿಂಜು, ಸೂಜಿ ಕುದಿಸಿದೆವು. ಔಷಧ ಮೈಗೆ ಒಗ್ಗುತ್ತದೋ ಇಲ್ಲವೋ ನೋಡಲು ಮುಂಗೈಗೆ ಒಂದು ಚೂರು ಚುಚ್ಚಿ ಅರ್ಧ ತಾಸು ಕಾಯಬೇಕು. ಆ ಅರ್ಧ ತಾಸು ಬೆಂಚಿನ ಮೇಲೆ ನಾವಿಬ್ಬರೂ ಅವಳ ಮುಂಗೈಯನ್ನೇ ನೋಡುತ್ತ ಕೂತೆವು. ಕೂಸು ಒದೆಯಲು ಸುರುಮಾಡಿದೆ ಎಂದು ಅವಳು ಹೇಳಿದಳು. ಹಿಂದಿನವೂ ಒದೆಯುತ್ತಿದ್ದವು, ಅದಕ್ಕೇ ನಂಬಿಕೆ ಬರುವುದಿಲ್ಲ ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಇಂಜೆಕ್ಷನ್ ದಪ್ಪ, ಸೂಜಿಯೂ ದಪ್ಪ. ಅವಳು ಹಲ್ಲು ಕಚ್ಚಿ ತಡೆದಳು. ಆಮೇಲೆ ಬಾಯಾರು ಕೈ ತೊಳೆದುಕೊಂಡು, ಹಣೆಗೆ ಕುಂಕುಮ ಹಚ್ಚಿ, ಐದು ಬೊಗಸೆ ಅಕ್ಕಿ ಹಾಕಿ ಉಡಿ ತುಂಬಿದರು. ನಾನು ಗೋಡೆಗೆ ಆತು ದೂರ ನಿಂತೆ. ಸುಳ್ಳು ಉಡಿಯೇ ಆದರೂ ನನ್ನ ನೆರಳು ಬೇಡ ಅನಿಸಿತು. ಓದಿದವಳು, ಕಲಿಸುವವಳು, ಆದರೂ ಅನಿಸಿತು. ಹೋಗುವಾಗ ಖಣದ ಮಡಿಕೆಯಲ್ಲಿ ಗಂಡನಿಗೆಂದು ನಿರೋಧದ ಪೊಟ್ಟಣ ಇಟ್ಟೆವು. ಅವನಿಗೆ ಹೇಗೆ ಹೇಳಲಿ ಎಂದು ಅವಳು ಕೇಳಿದಾಗ ಬಾಯಾರು ಖಣವನ್ನು ಇನ್ನೊಂದು ಮಡಿಕೆ ಮಡಿಚಿ ಅವಳ ಉಡಿಯಲ್ಲಿಟ್ಟರು.

ಎರಡನೆಯ ರವಿವಾರ ಮುದುಕಿ ಓಣಿಯ ಹುಡುಗನೊಬ್ಬನನ್ನು ಜೊತೆ ಮಾಡಿ ಅವಳನ್ನು ಕಳಿಸಿದಳು, ಅದೂ ಸುಗಮವಾಯಿತು. ಮೂರನೆಯ ರವಿವಾರ ಸಿರಿಂಜು ಕುದಿಸಿಟ್ಟುಕೊಂಡು ಕಾದೆವು. ಹತ್ತಾಯಿತು, ಹನ್ನೊಂದಾಯಿತು, ಹುಡುಗಿಯ ಸುಳಿವಿಲ್ಲ. ಗಂಡ ಊರಿಗೆ ಬಂದಿದ್ದಾನೆಂದು ಓಣಿಯಲ್ಲಿ ಕೇಳಿದ್ದೆ. ಎಲ್ಲ ತಿಳಿದು ಅವಳನ್ನು ತವರಿಗೆ ಅಟ್ಟಿದರೆಂದೇ ತಿಳಿದೆ. ಹೊರಡಬೇಕೆಂದು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲಲ್ಲಿ ಮುದುಕಿ ಕಾಣಿಸಿದಳು. ಹಿಂದೆ ಸೊಸೆ. ಮುದುಕಿಯ ಪಕ್ಕದಲ್ಲಿ ಆರಡಿ ಎತ್ತರದ ಮಗ, ತಲೆ ತಗ್ಗಿಸಿಕೊಂಡು, ಅವ್ವ ಹಿಡಿದ ತೋಳು ಬಿಡಿಸಿಕೊಳ್ಳದೆ.

“ಬಾಯಾರ, ಮದಲ ಇವನ ಉಡಿ ತುಂಬ್ರಿ” ಎಂದಳು ಮುದುಕಿ.

ಬಾಯಾರು ಅವನನ್ನು ಪರದೆಯ ಹಿಂದೆ ಕರೆದುಕೊಂಡು ಹೋದರು. ಮುದುಕಿ ನನ್ನ ಪಕ್ಕ ಬೆಂಚಿನ ಮೇಲೆ ಕೂತು ನಿಧಾನವಾಗಿ ಎಲ್ಲ ಹೇಳಿದಳು. ಮೊದಲ ಉಡಿಯ ಅಕ್ಕಿ ಆರಿಸಲು ಖಣ ಬಿಚ್ಚಿದವಳೇ ಅವಳು. ಪೊಟ್ಟಣ ಕಂಡಿತು. ಬೇವಿನ ಗಿಡದ ಕೆಳಗೆ ನಾನು ಎತ್ತಿ ಹಿಡಿದದ್ದೇ ಅದು ಎಂದು ಗುರುತು ಸಿಕ್ಕಿತು. ಸೊಸೆಯನ್ನು ಏನೂ ಕೇಳದೆ, ಮಗ ಬರುವುದನ್ನೇ ಕಾದಿದ್ದು, ಬಂದವನ ಬಾಯಿಂದಲೇ ಎಲ್ಲ ಹೊರಡಿಸಿದ್ದಳು. ಸುಳ್ಳು ಅಂತ ಅವತ್ತೇ ಗೊತ್ತಾಗಿಯೂ ಯಾಕೆ ಕಳಿಸಿದಿರಿ ಎಂದು ಕೇಳಿದೆ.

“ಸುಳ್ಳ ಹೇಳಾಕ ಒಬ್ಬಾಕಿ ಹುನಗುಂದದಿಂದ ಬಸ್ ಹತ್ತಿ ಬರ್ತಾಳಂದ್ರ, ಒಳಗ ಏನರ ಖರೇ ಇರಬೇಕು ಅಂದ್ಕೊಂಡೆ” ಎಂದಳು. ಆಮೇಲೆ ಪರದೆಯ ಕಡೆ ನೋಡಿ, “ಇಂವ ಹುಟ್ಟೂಕಿಂತ ಮದಲ ನಂದೂ ಮೂರು ಹ್ವಾದುವು. ಆವಾಗ ನನ್ನ ಮನಿಗೆ ಸುಳ್ಳ ಹೇಳಾಕೂ ಯಾರೂ ಬರಲಿಲ್ಲ” ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಅವಳು ನನ್ನನ್ನು ಸಮಾಧಾನ ಮಾಡಲೂ ಇಲ್ಲ, ಅಳಬೇಡ ಎನ್ನಲೂ ಇಲ್ಲ. ಎಲೆಯಡಿಕೆ ಸಂಚಿ ಬಿಚ್ಚಿ ಒಂದು ಚೂರು ಅಡಿಕೆ ಕೊಟ್ಟಳು. ಪರದೆಯ ಹಿಂದೆ ಆರಡಿಯ ಗಂಡಸು ಸೂಜಿಗೆ ಅಯ್ಯೋ ಎಂದದ್ದು ಕೇಳಿ ಸೊಸೆ ಮೊದಲ ಸಲ ನಕ್ಕಳು. ಅವನಿಗೆ ಉಳಿದ ಔಷಧದ ಚೀಟಿಯನ್ನೂ ನಿರೋಧದ ಪೊಟ್ಟಣಗಳನ್ನೂ ಕೊಡುವಾಗ ನಾನು ನಾಚಲಿಲ್ಲ, ಅವನೇ ನಾಚಿದ.

ನಾಲ್ಕು ತಿಂಗಳು ಕಳೆದು ಒಂದು ಶನಿವಾರ ಬಸ್ಸಿನಿಂದ ಇಳಿದಾಗ ಸುದ್ದಿ ಸಿಕ್ಕಿತು. ಹೆಣ್ಣು ಕೂಸು, ಹುಟ್ಟುತ್ತಲೇ ಓಣಿ ಕೇಳುವಂತೆ ಅತ್ತಿತಂತೆ. ನೋಡಲು ಹೋದೆ. ಪಡಸಾಲೆಯ ತನಕ ಹೋಗಿ ಅಲ್ಲೇ ನಿಂತೆ. ಬಾಣಂತಿ ಕೋಣೆಗೆ ನನ್ನಂಥವಳು ಹೋಗಬಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೂಸಿನ ತಲೆಗೆಂದು ತಂದಿದ್ದ ಕುಲಾವಿಯನ್ನು ಹೊಸ್ತಿಲ ಮೇಲಿಟ್ಟು ಹೊರಟೆ.

ಮುದುಕಿ ಒಳಗಿನಿಂದ ಕೂಸನ್ನು ಎತ್ತಿಕೊಂಡು ಬಂದಳು. ಅಲ್ಲಿಯತನಕ ನನ್ನನ್ನು ರೀ ಹಚ್ಚಿಯೇ ಮಾತಾಡಿಸುತ್ತಿದ್ದವಳು, “ಸೆರಗ ಒಡ್ಡು ತಂಗಿ” ಎಂದಳು.

ನಾನು ಬೇಡ ಎಂದು ಹಿಂದೆ ಸರಿದೆ. ಅವಳು ನನ್ನ ಸೆರಗನ್ನು ತಾನೇ ಎಳೆದು ನನ್ನ ಕೈಗೆ ಕೊಟ್ಟಳು.

“ಅಕ್ಕಿ-ಕೊಬ್ಬರಿ ನನಗೂ ಹಾಕಂಗಿಲ್ಲ, ನಿನಗೂ ಹಾಕಂಗಿಲ್ಲ. ಇದನ್ನ ಹಾಕಬ್ಯಾಡ ಅಂತ ಯಾರೂ ಹೇಳಿಲ್ಲ” ಎಂದು ಕೂಸನ್ನು ನನ್ನ ಉಡಿಯಲ್ಲಿ ಮಲಗಿಸಿದಳು.

ಬೆಚ್ಚಗಿತ್ತು. ಎಣ್ಣೆಯ, ಲೋಬಾನದ ವಾಸನೆ. ಕಣ್ಣು ಮುಚ್ಚಿಕೊಂಡೇ ಒಮ್ಮೆ ಬಾಯಿ ಆಡಿಸಿತು. ನಾನು ಎರಡೂ ಕೈಯಲ್ಲಿ ಸೆರಗಿನ ಅಂಚು ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಕೂಸು ಉಚ್ಚೆ ಹೊಯ್ದು, ಸೀರೆ ಕಾಲಿನ ತನಕ ಒದ್ದೆಯಾಯಿತು.

ಮುದುಕಿ ಬಗ್ಗಿ ನೋಡಿ, “ತುಂಬ್ತು ನೋಡು” ಎಂದಳು.

ಅದೇ ಒದ್ದೆ ಸೀರೆಯಲ್ಲಿ ಹುನಗುಂದದ ಬಸ್ಸು ಹತ್ತಿದೆ.