ರೇಡಿಯೋ ಮೋಟಾರಿನವನು

ನಮ್ಮ ನಿಂಬರ್ಗಾದ ಮಂದಿಗೆ ರೇಡಿಯೋ ಕೇಳಿಸಲು ಆಳಂದದಿಂದ ಮೋಟಾರು ತರುತ್ತಿದ್ದವನು, ಮೊದಲು ಅದರ ನೆತ್ತಿಯ ಮೇಲಿನ, ಸದ್ದು ಹೊರಡುವ ಕಹಳೆಯನ್ನು ಕೂಸಿನ ಮುಖ ಒರೆಸಿದಂತೆ ಒರೆಸುತ್ತಿದ್ದ. ಆಮೇಲೆ ಮನೆಗಳತ್ತ ಕೂಗುತ್ತಿದ್ದ: “ಅವ್ವಾರೇ, ಬೀಸೋದು ನಿಂದರಸ್ರಿ! ರೇಡಿಯೋ ಮಾತಾಡ್ತದ!” ಸರ್ಕಾರದ ಗಾಡಿಯೆಂದು ನಾವೆಲ್ಲ ಬೀಸುಕಲ್ಲು ನಿಲ್ಲಿಸುತ್ತಿದ್ದೆವು.

ಒಮ್ಮೆ ಅವನು ಬಂದಾಗಲೇ ನನ್ನ ನಾದಿನಿಗೆ ಹೆರಿಗೆ ಕಷ್ಟವಾಗಿ ಸೂಲಗಿತ್ತಿ ಕೈಚೆಲ್ಲಿದಳು. ಓಡಿಹೋಗಿ ಮೋಟಾರಿನ ಮುಂದೆ ಸೆರಗೊಡ್ಡಿದೆ. “ಅಣ್ಣಾರೇ, ಆಕೀನ್ನ ಆಳಂದ ದವಾಖಾನಿಗಿ ಮುಟ್ಟಸ್ರಿ.”

“ಇದು ಆವಾಜಿನ ಗಾಡಿ ಅದರಿ, ಮಂದಿಗಲ್ಲ,” ಎಂದವನೇ ಮತ್ತೆ ಕಹಳೆ ಒರೆಸಿದ. ಅಂದು ಆ ಕಹಳೆ ಮಾತಾಡಿದ್ದು ಬಸುರಿ ಹೆಂಗಸರ ಆರೈಕೆಯ ಬಗ್ಗೆ!

ನಾವು ಎತ್ತಿನ ಗಾಡಿ ಕಟ್ಟಿಕೊಂಡು ಆಳಂದಕ್ಕೆ ಹೊರಟೆವು; ದಾರಿಯಲ್ಲಿ, ಗಾಡಿಯಲ್ಲೇ ಕೂಸು ಹುಟ್ಟಿತು. ಶಿವನ ದಯೆ, ತಾಯಿಯೂ ಉಳಿದಳು.

ಮುಂದಿನ ಸಲ ಅವನು “ಬೀಸೋದು ನಿಂದರಸ್ರಿ!” ಎಂದು ಕೂಗಿದಾಗ, ನಾನು ಶಿವನನ್ನು ನೆನೆದು ಬೀಸುಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕಿದೆ.