ಬಸಲಿಂಗಪ್ಪನ ಕರಿಹಲಗೆ

ಗೋವಾದ ಫಾತೋರ್ಡಾದಲ್ಲಿ ಬಸಲಿಂಗಪ್ಪನ ಖಾನಾವಳಿ ಎಲ್ಲಿದೆ ಎಂದು ನಮ್ಮ ಕಡೆಯವರನ್ನು ಕೇಳಿ ನೋಡಿ. ದಾರಿ ಆಮೇಲೆ ಹೇಳುತ್ತಾರೆ, ಮೊದಲು ನಗುತ್ತಾರೆ. "ಬೋರ್ಡ್ ಬರಿಯೂ ಅಜ್ಜಾರದಲ್ಲೇನ್ರಿ?" ಎನ್ನುತ್ತಾರೆ.

ಬಾಗಿಲ ಪಕ್ಕ ಒಂದು ಮೊಳೆ, ಮೊಳೆಗೆ ಒಂದು ಕರಿಹಲಗೆ. ಬೇರೆ ಖಾನಾವಳಿಯವರು ಅಂಥ ಹಲಗೆಯ ಮೇಲೆ ಝುಣಕ, ಎಣ್ಣೆಗಾಯಿ, ಹೆಸರುಕಾಳು ಎಂದು ಬರೆದು ಸುಮ್ಮನಾಗುತ್ತಾರೆ. ಬಸಲಿಂಗಪ್ಪ ಅದನ್ನೂ ಬರೆಯುತ್ತಾನೆ, ಆದರೆ ಕೆಳಗೆ ಮೂಲೆಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಮೇಲೆ ದೊಡ್ಡದಾಗಿ ಬರುವುದು ವಿಜ್ಞಾನದ ಸುದ್ದಿ. ಸುದ್ದಿಯ ಕೆಳಗೆ ಒಂದು ಮಾತು, ಮಾತಿನ ಕೆಳಗೆ ಗೆರೆ ಎಳೆದು 'ಬಸಲಿಂಗಪ್ಪ' ಎಂಬ ಸಹಿ. ಕುಂಕಳ್ಳಿಯ ಕಾರ್ಖಾನೆಗೆ ಹೋಗುವವರು, ಪರ್ವರಿ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಟೆಂಪೊ ಕಾಯುವವರು, ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಆ ಹಲಗೆಯ ಮುಂದೆ ನಿಂತು ಓದಿ ನಕ್ಕು ಹೋಗುತ್ತಾರೆ. ಊರೆಲ್ಲ ಕೊಂಕಣಿ, ಮರಾಠಿ, ಇಂಗ್ಲಿಷು. ಆ ರಸ್ತೆಯಲ್ಲಿ ಕನ್ನಡ ಅಂತ ಕಣ್ಣಿಗೆ ಬೀಳುವುದು ಅದೊಂದೇ.

ಚಾಲಕನಿಲ್ಲದ ಕಾರು ರಸ್ತೆಗಿಳಿಯಿತು ಎಂಬ ಸುದ್ದಿ ಬಂದ ದಿನ ಹಲಗೆಯ ಮೇಲೆ ಹೀಗಿತ್ತು: "ಬಾಡಗಿ ಸ್ಕೂಟಿ ಹತ್ತಿದ ಟೂರಿಸ್ಟರನ್ನ ನೋಡೇವಿ. ಡ್ರೈವರ್ ಇದ್ದೂ ಇಲ್ಲದಂಗ ಓಡಸೂದು ಗೋವಾಕ್ಕ ಹೊಸಾದಲ್ಲ." ಚಂದ್ರನ ಮೇಲೆ ನೀರಿನ ಕುರುಹು ಸಿಕ್ಕ ದಿನ: "ಆ ಯಂತ್ರ ತಿರುಗಿ ಬಂದ ಮ್ಯಾಲೆ ನಮ್ಮ ನಳದಾಗೂ ಒಮ್ಮೆ ಇಳಸ್ರಿ." ಎಲ್ಲೋ ಹೋಟೆಲಿನಲ್ಲಿ ರೋಬೋಟ್ ಊಟ ಬಡಿಸುತ್ತದೆ ಎಂದು ಪೇಪರಿನಲ್ಲಿ ಬಂದಾಗ: "ಬಡಸೂದೇನು ದೊಡ್ಡದು? ಇನ್ನೊಂದು ಹಾಕ್ಲೇನು ಅಂತ ಕೇಳ್ತೈತೇನು?"

ಅದನ್ನು ಓದಿ ಗೌಂಡಿ ಹೀರಪ್ಪ ನಗಲಿಲ್ಲ. "ಖರೇ ಐತ್ರಿ ಅಣ್ಣಾರ. ಊರು ಬಿಟ್ಟ ಮ್ಯಾಲೆ ಹಂಗ ಕೇಳಾವ್ರು ಇಲ್ಲೆ ಅಷ್ಟ ಸಿಕ್ಕಾರ ನೋಡ್ರಿ" ಎಂದು ಹೋದ. ಹೀಗೆ ಮಂದಿ ಹೊಗಳಿದಾಗೆಲ್ಲ ಬಸಲಿಂಗಪ್ಪ ಮೀಸೆಯ ಮೇಲೆ ಬೆರಳಾಡಿಸಿ, "ಏನೋಪಾ, ಹಂಗ ಹೊಳೀತೈತಿ" ಎನ್ನುತ್ತಿದ್ದ.

ಹೊಳೆಯುತ್ತಿತ್ತಂತೆ, ಮಣ್ಣು. ಆ ಪುಣ್ಯಾತ್ಮನಿಗೆ ಏನೂ ಹೊಳೆಯುತ್ತಿರಲಿಲ್ಲ.

ನಡೆಯುತ್ತಿದ್ದದ್ದು ಇಷ್ಟು. ನಸುಕಿನ ಐದೂವರೆಗೆ ಅವನ ಹೆಂಡತಿ ಮುರುಗೆವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಶುರು ಮಾಡುತ್ತಾಳೆ. ಅವನು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಹಿಂದಿನ ದಿನದ ಪೇಪರು ಓದುತ್ತಾನೆ. ಹುಬ್ಬಳ್ಳಿ ಬಸ್ಸಿನಲ್ಲಿ ಬರುವ ಪೇಪರು ಕೈಸೇರುವಷ್ಟರಲ್ಲಿ ಮಧ್ಯಾಹ್ನ, ಆ ಊಟದ ಗದ್ದಲದಲ್ಲಿ ಯಾರಿಗೆ ಪುರುಸೊತ್ತು? ರಾಜಕೀಯ ಓದಿದರೆ ಮುರುಗೆವ್ವನಿಗೆ ಸಿಟ್ಟು, ಅಪಘಾತ ಓದಿದರೆ ಕಣ್ಣೀರು, ಎರಡರಿಂದಲೂ ರೊಟ್ಟಿ ಕೆಡುತ್ತದೆ. ವಿಜ್ಞಾನ ಓದಿದರೆ ಮಾತ್ರ ಅವಳಿಗೆ ಮಾತು ಬರುತ್ತದೆ. ತಲೆ ಎತ್ತದೆ, ಕೈ ನಿಲ್ಲಿಸದೆ, ಒಂದು ಮಾತು ಹೇಳಿ ಮುಂದಿನ ಉಂಡೆಗೆ ಕೈ ಹಾಕುತ್ತಾಳೆ. ಬಸಲಿಂಗಪ್ಪ ಆ ಮಾತನ್ನು ಬಾಯಲ್ಲೇ ಗುನುಗಿಕೊಂಡು ಹೊರಗೆ ಓಡುತ್ತಾನೆ, ಮರೆಯುವ ಮೊದಲು ಬರೆದುಬಿಡುತ್ತಾನೆ.

ಮೊದಲ ಸಲ ಬರೆದಾಗ ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ, ಅದನ್ನು ಹೇಳಲೇಬೇಕು. "ನೀವ ಬರದ್ರೇನ್ರಿ?" ಎಂದು ಯಾರೋ ಕೇಳಿದರು, "ಹೂಂ" ಎಂದ. ಬರೆದವನು ಅವನೇ ತಾನೆ. ಆ ಒಂದು ಹೂಂ ಎರಡು ವರ್ಷ ಬೆಳೆಯಿತು. ಹೆಂಡತಿಯ ಹೆಸರು ಹಾಕಬಹುದಿತ್ತಲ್ಲ ಎನ್ನುತ್ತೀರಿ. ಆದರೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಎತ್ತುವುದು ಅವರ ಮನೆತನದಲ್ಲಿ ಇಲ್ಲ. ಅವಳನ್ನು ಅವನು ಕರೆಯುವುದು "ಏ, ಇಲ್ಲೆ ಕೇಳು" ಎಂದು. ಅವಳಿಗೆ ಅವನು "ಇವ್ರು". ಮೂವತ್ತೆಂಟು ವರ್ಷದಲ್ಲಿ ಅವಳ ಹೆಸರು ಅವನ ಬಾಯಿಂದ ಬಂದದ್ದು ಒಂದೇ ಸಲ, ಮದುವೆಯಲ್ಲಿ, ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಮಂದಿ ಹೊಸ್ತಿಲಿಗೆ ಅಡ್ಡ ನಿಂತಾಗ. ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಎಲ್ಲರಿಗೂ ಕೇಳುವಂತೆ ಹೇಳಬೇಕು, ಅದು ಒಡಪು. ಅಂದೂ ಅವನು ಎರಡು ಸಲ ತಡವರಿಸಿದ್ದ. ಇನ್ನು ಮುರುಗೆವ್ವನಿಗೆ ಓದು ಬಾರದು, ಒಲೆ ಬಿಟ್ಟು ಮುಂಬಾಗಿಲಿಗೆ ಬರುವವಳೂ ಅಲ್ಲ. ಹಾಗಾಗಿ ನಡೆಯಿತು.

ಕೆಟ್ಟದ್ದು ಕೃತಕ ಬುದ್ಧಿಮತ್ತೆಯಿಂದ.

"ಏನ ಕೇಳಿದ್ರೂ ಉತ್ತರ ಕೊಡ್ತೈತಂತ" ಎಂದು ಬಸಲಿಂಗಪ್ಪ ಒಂದು ಬೆಳಿಗ್ಗೆ ಓದಿದ. "ಒಮ್ಮೊಮ್ಮೆ ತಪ್ಪು ಹೇಳ್ತೈತಂತ. ತಪ್ಪಿದ್ರೂ ಭಾಳ ಧೈರ್ಯದಿಂದ ಹೇಳ್ತೈತಂತ."

ಮುರುಗೆವ್ವ ರೊಟ್ಟಿ ತಿರುವಿ ಹಾಕಿ, "ನಮ್ಮ ಅತ್ತಿ ಇದ್ಲಲ್ಲ, ಥೇಟ್ ಹಂಗ" ಎಂದಳು.

ಬಸಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಅವ್ವ ಇದ್ದದ್ದೇ ಹಾಗೆ. ಆದರೆ ಹಲಗೆಯ ಮುಂದೆ ನಿಂತಾಗ ಕೈ ಓಡಲಿಲ್ಲ. ಹೆತ್ತವಳನ್ನು ಬೀದಿಯಲ್ಲಿ ನಿಲ್ಲಿಸಿ ನಗುವುದೇ? ಅಷ್ಟು ಚಲೋ ಮಾತನ್ನು ಬಿಡಲೂ ಮನಸ್ಸಿಲ್ಲ. ಸುಣ್ಣದ ಕಡ್ಡಿಯಿಂದ ಕಿವಿ ಕೆರೆದುಕೊಂಡು ಯೋಚಿಸಿ, ಕೊನೆಗೆ ಬರೆದ: "ನನ್ನ ಹೆಂಡತಿಯ ಅವ್ವ ಥೇಟ್ ಹಂಗ ಇದ್ಲು." ಕೆಳಗೆ ಗೆರೆ, ಗೆರೆಯ ಕೆಳಗೆ ಸಹಿ. ಶಾಣ್ಯಾ ಮನುಷ್ಯ ನೋಡಿ.

ಆ ದಿನ ಮಂದಿ ಬಹಳ ನಕ್ಕರು. ಕೊಲ್ವಾ ದಂಡೆಯಲ್ಲಿ ಮಣಿಸರ, ಕನ್ನಡಿ ಕಸೂತಿಯ ಚೀಲ ಮಾರುವ ದುರ್ಗಾಬಾಯಿಯೂ ನಕ್ಕಳು. ಅವಳು ನಾಲ್ಕನೇ ಇಯತ್ತೆ ಓದಿದವಳು, ದಿನಾ ಹಲಗೆಯ ಫೋಟೊ ಹೊಡೆದು ತಾಂಡಾದಲ್ಲಿರುವ ತಂಗಿಗೆ ಕಳಿಸುವವಳು. ರೊಟ್ಟಿ ಒಯ್ಯಲು ಹಿಂಬಾಗಿಲಿಗೆ ಹೋಗಿ, ನಗುತ್ತಲೇ ಕೇಳಿದಳು: "ಅವ್ವಾರ, ನಿಮ್ಮವ್ವ ಅಷ್ಟ ಜೋರ ಇದ್ಲೇನ್ರಿ?"

ಗಲ್ಲೆಯ ಮೇಲೆ ಕೂತಿದ್ದ ಬಸಲಿಂಗಪ್ಪನಿಗೆ ಕರಕು ವಾಸನೆ ಬಂದದ್ದು ಸ್ವಲ್ಪ ಹೊತ್ತಿನ ಮೇಲೆ. ಒಳಗೆ ಹೋಗಿ ನೋಡಿದರೆ ಹಂಚಿನ ಮೇಲೆ ರೊಟ್ಟಿ ಕಪ್ಪಾಗುತ್ತಿದೆ, ಮುರುಗೆವ್ವ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಾಳೆ, ದುರ್ಗಾಬಾಯಿ ಮೊಬೈಲಿನಲ್ಲಿ ಹಳೆಯ ಫೋಟೊಗಳನ್ನು ಸರಿಸಿ ಸರಿಸಿ ಓದುತ್ತಿದ್ದಾಳೆ. ಸ್ಕೂಟಿಯದು. ನಳದ್ದು. ರೋಬೋಟಿನದು. ಪ್ರತಿಯೊಂದರ ಕೊನೆಗೂ, ಸಾಲೆಯ ಹುಡುಗಿಯಂತೆ ಬಿಡದೆ, "ಬಸಲಿಂಗಪ್ಪ" ಎಂದು ಓದುತ್ತಿದ್ದಾಳೆ.

"ಸಾಕವ್ವ" ಎಂದಳು ಮುರುಗೆವ್ವ. ಕರಕಾದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. ಗಂಡನ ಕಡೆ ನೋಡಲಿಲ್ಲ.

ಮರುದಿನ ನಸುಕಿನಲ್ಲಿ ಅವನು ಸ್ಟೂಲು ಹಾಕಿಕೊಂಡ. ಮಂಗಳ ಗ್ರಹದಲ್ಲಿ ವಿಚಿತ್ರ ಕಲ್ಲು ಸಿಕ್ಕಿದೆ ಎಂದು ಓದಿದ. ರೊಟ್ಟಿ ಬಡಿಯುವ ಸದ್ದು, ಹೊರಗೆ ಪಾವು ಮಾರುವವನ ಸೈಕಲ್ಲಿನ ಹಾರ್ನು, ನಡುವೆ ಏನೂ ಇಲ್ಲ. ಇನ್ನೊಮ್ಮೆ ಓದಿದ, ಸ್ವಲ್ಪ ಗಟ್ಟಿಯಾಗಿ. "ಹಿಟ್ಟು ಮುಗಿಯಾಕ ಬಂದೈತಿ, ಬೀಸಿಸಿಕೊಂಡು ಬರ್ರಿ" ಎಂದಳು. ಅಷ್ಟೇ.

ಅವತ್ತು ಹಲಗೆಯ ಮೇಲೆ ಅವನ ಸ್ವಂತ ಬುದ್ಧಿ ಕಾಣಿಸಿಕೊಂಡಿತು: "ಮಂಗಳದಲ್ಲಿ ಕಲ್ಲು ಸಿಕ್ಕಿದೆ. ಇದು ಒಳ್ಳೆಯ ಬೆಳವಣಿಗೆ."

ಹೀರಪ್ಪ ಓದಿದ. ಹಲಗೆಯ ಹಿಂದೆ ಏನಾದರೂ ಉಳಿದಿದೆಯೇ ಎಂದು ಬಗ್ಗಿ ನೋಡಿದ. "ಅಣ್ಣಾರ, ಆರಾಮ ಅದೀರಿಲ್ಲ?" ಎಂದು ಕೇಳಿದ. ಮೂರನೇ ದಿನ ಕಾರ್ಖಾನೆಯವನೊಬ್ಬ, "ಬೋರ್ಡಿಗೆ ಉಪ್ಪು ಕಮ್ಮಿ ಬಿದ್ದೈತ್ರಿ" ಎಂದ.

ಮೊದಲೆರಡು ದಿನ ಬಸಲಿಂಗಪ್ಪನಿಗೆ ಹಲಗೆಯದೇ ಚಿಂತೆ. ಮೂರನೇ ದಿನಕ್ಕೆ ತಿಳಿಯಿತು, ಹಲಗೆ ಹಾಳಾಗಿ ಹೋಗಲಿ, ಅವಳ ಮಾತಿಲ್ಲದೆ ತನಗೆ ಬೆಳಗೇ ಆಗುವುದಿಲ್ಲ. ಭಾಷೆ ಬಾರದ ಊರಿಗೆ ಬಂದು, ಬಾಡಿಗೆ ಕೋಣೆಯಲ್ಲಿ ಒಂದು ಒಲೆ ಹೂಡಿ ಕೂತ ಕಾಲದಲ್ಲಿ ಅವನನ್ನು ನಗಿಸಿ ಉಳಿಸಿದ್ದು ಆ ಮಾತುಗಳೇ. ಪೇಪರು ಅವನು ಓದುತ್ತಿದ್ದದ್ದು ಸುದ್ದಿಗಾಗಿ ಅಲ್ಲವೇ ಅಲ್ಲ. ಅವಳು ಏನೆನ್ನುತ್ತಾಳೆ ಎಂದು ಕೇಳಲು ಓದುತ್ತಿದ್ದ. ಇದು ಅವನಿಗೆ ಅರವತ್ತೆರಡನೇ ವಯಸ್ಸಿನಲ್ಲಿ, ಜೋಳದ ಚೀಲ ಹೊತ್ತು ಗಿರಣಿಯ ಮುಂದೆ ಪಾಳಿ ಹಚ್ಚಿದಾಗ ಅರ್ಥವಾಯಿತು. ಕಣ್ಣು ಒದ್ದೆಯಾದವು, ಹಿಟ್ಟಿನ ಧೂಳು ಎಂದು ಒರೆಸಿಕೊಂಡ.

ನಾಲ್ಕನೇ ದಿನ ಅಬೋಲಿ ಹೂವಿನ ಮಾಲೆ ತಂದ. ಅವಳು ಅದನ್ನು ಬಸವಣ್ಣನ ಫೋಟೊಕ್ಕೆ ಹಾಕಿದಳು. ಐದನೇ ದಿನ ನೇರವಾಗಿ ಅಡುಗೆಮನೆಗೆ ಹೋಗಿ, "ಏ, ಇಲ್ಲೆ ಕೇಳು. ತಪ್ಪಾತು" ಎಂದ.

"ಯಾರಿಗೆ ಹೇಳಾಕತ್ತೀರಿ?"

"ನಿನಗ."

"ನನ್ನ ಮಾತಿಗೆ ನಿಮ್ಮ ಹೆಸರು ಹಾಕ್ಕೊಂಡ್ರಿ, ಹಾಕ್ಕೋರಿ. ನನ್ನ ರೊಟ್ಟಿನೂ ನಿಮ್ಮ ಹೆಸರಿನ ಮ್ಯಾಲ ಮಾರತಾವ, ನಾ ಏನರ ಅಂದೇನಿ?" ಮುರುಗೆವ್ವ ಇಕ್ಕಳದಿಂದ ಹಂಚಿನ ಅಂಚನ್ನು ಮುಟ್ಟಿ ತೋರಿಸಿದಳು. "ಆದ್ರ ಇದು ಯಾರದು?"

ಹಂಚು ಯಾರದೆಂದು ಬಸಲಿಂಗಪ್ಪನಿಗೆ ಗೊತ್ತಿತ್ತು. ಅವರು ಬೈಲಹೊಂಗಲದ ಕಡೆಯ ಊರು ಬಿಟ್ಟು ಗೋವಾಕ್ಕೆ ಹೊರಟ ದಿನ ಅವಳ ಅವ್ವ ತನ್ನ ಒಲೆಯ ಮೇಲಿನ ಕಬ್ಬಿಣದ ಹಂಚನ್ನೇ ಇಳಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಗಳ ಕೈಗಿಟ್ಟಿದ್ದಳು. ಆಗಲೂ ಒಂದು ಮಾತಾಡಿರಲಿಲ್ಲ. ಜೀವಮಾನದಲ್ಲಿ ಗಟ್ಟಿ ದನಿ ಎತ್ತಿದವಳಲ್ಲ ಆಕೆ. ಮುರುಗೆವ್ವ ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳು. ಇವತ್ತಿಗೂ ಖಾನಾವಳಿಯ ಒಂದೊಂದು ರೊಟ್ಟಿಯೂ ಬೇಯುವುದು ಅದರ ಮೇಲೆ.

"ಅಕಿಗೆ ಬಾಯಿನ ಇದ್ದಿಲ್ಲ" ಎಂದಳು ಮುರುಗೆವ್ವ. "ಸತ್ತ ಮ್ಯಾಲೆ ನೀವು ಅಕಿಗೆ ಬಾಯಿಬಡಕಿ ಅಂತ ಬರದ್ರಿ. ಮಂದಿ ಓದಿದ್ದು ಹೊರಗ, ನೀವು ತಪ್ಪಾತು ಅನ್ನೂದು ಅಡಗಿಮನ್ಯಾಗ. ಅಕಿಗೆ ಹೆಂಗ ಮುಟ್ಟಬೇಕು?"

ಅದಕ್ಕೆ ಉತ್ತರ ಒಂದೇ ಇತ್ತು, ಅದು ಮೊಳೆಗೆ ನೇತಾಡುತ್ತಿತ್ತು. ಮಂದಿ ಏನಂದಾರು? ಎರಡು ವರ್ಷ ಮೀಸೆ ತಿರುವಿದ್ದೆಲ್ಲ ಒಂದೇ ಬೆಳಿಗ್ಗೆ ಮಣ್ಣುಪಾಲು. ಅದಕ್ಕಿಂತ ದೊಡ್ಡ ಕಷ್ಟ, ಹೆಸರು. ನಾಲ್ಕಕ್ಷರ, ಮುರುಗೆವ್ವ. ಮನಸ್ಸಿನಲ್ಲಿ ಅಂದುಕೊಂಡರೂ ಕಿವಿ ಬಿಸಿಯಾಗುತ್ತಿತ್ತು. ಇಡೀ ಮಧ್ಯಾಹ್ನ ಊಟ ಬಡಿಸುತ್ತ ಬಾಯಲ್ಲಿ ಏನೋ ಗುನುಗಿದ, ಒಬ್ಬನಿಗೆ ಸಾರಿನ ಬದಲು ಮಜ್ಜಿಗೆ ಹಾಕಿದ.

ಆರನೇ ದಿನ ಬೆಳಿಗ್ಗೆ ಹಲಗೆಯ ಮೇಲೆ ಸುದ್ದಿ ಇರಲಿಲ್ಲ, ಪಲ್ಯದ ಹೆಸರೂ ಇರಲಿಲ್ಲ. ಹೀರಪ್ಪ ಓದಿದ, ದುರ್ಗಾಬಾಯಿ ಓದಿದಳು, ಟೆಂಪೊ ಕಾಯುವವರೆಲ್ಲ ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ಯಾರೂ ನಗಲಿಲ್ಲ. ಬಸಲಿಂಗಪ್ಪ ಒಳಗೆ ಹೋಗಿ, "ಒಂದೀಟು ಹೊರಗ ಬಾ" ಎಂದ.

"ಹಂಚು ಕಾದೈತಿ."

"ಕಾಯಲಿ ಬಾ."

ಮುರುಗೆವ್ವ ಸೆರಗು ತಲೆಯ ಮೇಲೆಳೆದುಕೊಂಡು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಇಷ್ಟು ಮಂದಿಯನ್ನು ಕಂಡು ಹಿಂದಕ್ಕೆ ಸರಿಯಲು ನೋಡಿದಳು. ಆದರೆ ಹೀರಪ್ಪ ಹೊಸ್ತಿಲಿಗೆ ಅಡ್ಡ ನಿಂತುಬಿಟ್ಟ.

"ಒಡಪು ಹೇಳದ ಒಳಗ ಬಿಡೂದಿಲ್ರಿ" ಎಂದ. "ಬರದ್ರ ಆಗೂದಿಲ್ಲ ಅಣ್ಣಾರ. ಅವ್ವಾರಿಗೆ ಓದಾಕ ಬರೂದಿಲ್ಲ, ನೀವ ಬಾಯಿಲೆ ಹೇಳ್ರಿ."

ಬಸಲಿಂಗಪ್ಪ ಹಲಗೆಯ ಕಡೆ ತಿರುಗಿದ. ತಡವರಿಸಿದ. ಮತ್ತೆ ಶುರು ಮಾಡಿದ.

"ಚಂದ್ರನ ಮ್ಯಾಲೆ ನೀರು, ಮಂಗಳದ ಮ್ಯಾಲೆ ಕಲ್ಲು.
ಎರಡು ವರ್ಷ ನಾ ಬರದದ್ದೆಲ್ಲಾ ಮುರುಗೆವ್ವನ ಸೊಲ್ಲು."

ಹೆಸರು ಬಂದಾಗ ದನಿ ಸಣ್ಣಗಾಯಿತು, ಆದರೆ ಎಲ್ಲರಿಗೂ ಕೇಳಿಸಿತು. ಕೆಳಗಿನ ಸಾಲನ್ನೂ ಓದಿದ: "ಗಟ್ಟಿ ದನ್ಯಾಗ ತಪ್ಪು ಹೇಳ್ತಿದ್ದಾಕಿ ನನ್ನ ಅವ್ವ. ಮುರುಗೆವ್ವನ ಅವ್ವ ಮಾತಾಡಿದಾಕಿ ಅಲ್ಲ, ಹಂಚು ಕೊಟ್ಟಾಕಿ. ನೀವು ತಿನ್ನೂ ರೊಟ್ಟಿ ಅಕೀದು."

ಹೀರಪ್ಪ ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಹಣೆಗೆ ಒತ್ತಿಕೊಂಡ. ಮುರುಗೆವ್ವ ಹಲಗೆಯ ಹತ್ತಿರ ಬಂದಳು.

"ಇದ್ರಾಗ ನಂದು ಯಾವುದು?" ಎಂದು ಮೆಲ್ಲಗೆ ಕೇಳಿದಳು.

ಬಸಲಿಂಗಪ್ಪ ಬೆರಳಿಟ್ಟು ತೋರಿಸಿದ. ಅವಳು ಹಿಟ್ಟಿನ ಬೆರಳನ್ನು ಆ ನಾಲ್ಕಕ್ಷರದ ಹತ್ತಿರ ಒಯ್ದು, ಅಳಿಸಿ ಹೋದೀತು ಎಂದು ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ಕಣ್ಣು ತುಂಬಿದ್ದವು. ಸೆರಗಿನಿಂದ ಒರೆಸಿಕೊಂಡು ಒಳಗೆ ಹೋದಳು.

ಬಸಲಿಂಗಪ್ಪ ಅಲ್ಲೇ ನಿಂತ. ಹಿಂದೆ ಹೋಗಲೋ ಬೇಡವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಅದರ ಹಿಂದೆಯೇ ದನಿ ಬಂತು.

"ಆ ಮಂಗಳದ ಕಲ್ಲಿನ ಪೇಪರ್ ಐತೇನು, ಒಲಿಗೆ ಹಾಕೀರೇನು?"

"ಐತಿ, ಐತಿ" ಎಂದು ಬಸಲಿಂಗಪ್ಪ ಓಡಿದ.

"ಅಲ್ಲಿಂದ ಸುರು ಮಾಡ್ರಿ. ಅವತ್ತ ಒಂದು ಮಾತು ಬಾಯಿತನಕ ಬಂದಿತ್ತು, ನುಂಗಿದೆ. ಐದು ದಿನ ಆತು, ಹೊಟ್ಟ್ಯಾಗ ಚುಚ್ಚಾಕತ್ತೈತಿ." ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದಳು. "ಕಲ್ಲು ಹುಡುಕಾಕ ಅಷ್ಟು ದೂರ ಯಾಕ ಹೋಗಬೇಕಿತ್ತಂತ? ಇವ್ರು ತಂದ ಬ್ಯಾಳಿ ಆರಿಸಿದ್ರ ಇಲ್ಲೇ ಸಿಗ್ತಿದ್ವಲ್ಲ."

ಬಸಲಿಂಗಪ್ಪ ಆ ಮಾತನ್ನು ಬಾಯಲ್ಲಿ ಹಿಡಿದುಕೊಂಡು ಹೊರಗೆ ಓಡಿ ಬಂದ. ಒಡಪನ್ನು ಅಳಿಸಲು ಮನಸ್ಸಾಗಲಿಲ್ಲ. ಪಲ್ಯದ ಹೆಸರು ಬರೆಯುವ ಮೂಲೆಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಅದನ್ನು ಬರೆದ. ಕೆಳಗೆ ಗೆರೆ ಎಳೆದ. ಗೆರೆಯ ಕೆಳಗೆ, ಈ ಸಲ ತಡವರಿಸದೆ, ಹೆಂಡತಿಯ ಹೆಸರು ಬರೆದ.