ಹದ್ದಿನ ಉಗುರಿನ ಚುಂಗಾಣಿ

ಗಡಿಯಾರ, ಕುರ್ಚಿ, ಪಿಂಗಾಣಿ, ಯಾವುದನ್ನು ತಂದರೂ ಬೆಲೆ ಕಟ್ಟಿ ಕೈ ತೊಳೆದುಕೊಳ್ಳಬಹುದು. ಚುಂಗಾಣಿ ಹಾಗಲ್ಲ. ಅದು ಇನ್ನೊಬ್ಬರ ಬಾಯಲ್ಲಿದ್ದ ವಸ್ತು. ನಮ್ಮ ಕಡೆಯ ಜನ ಎಂಜಲೆಂದರೆ ಮಾರು ದೂರ ನಿಲ್ಲುವವರು. ದೊರೆಗಳು ಪೈಪ್ ಎನ್ನುತ್ತಿದ್ದ ಈ ಸಾಮಾನನ್ನು ಮೊದಮೊದಲು ನಾನೂ ಬಟ್ಟೆಯಲ್ಲಿ ಹಿಡಿದೇ ಎತ್ತುತ್ತಿದ್ದೆ. ಅಂಗಡಿಯಿಂದ ಮನೆಗೆ ಬಂದರೆ ನೇರವಾಗಿ ಬಚ್ಚಲಿಗೆ ಹೋಗಬೇಕು, ಇಲ್ಲದಿದ್ದರೆ ನನ್ನಾಕೆ ಒಳಗೆ ಕಾಲಿಡಲು ಬಿಡುತ್ತಿರಲಿಲ್ಲ.

ಕೋಲಾರದಲ್ಲಿ ನನ್ನದೂ ಸಾಬರದೂ ಪಾಲಿನ ಅಂಗಡಿ. ಚಿನ್ನದ ಗಣಿಯ ದೊರೆಗಳು ತಮ್ಮ ಸೀಮೆಗೆ ಹೊರಟಾಗ ಬಿಟ್ಟುಹೋಗುವ ಸಾಮಾನು ಕೊಂಡು ಮಾರುವುದು ನಮ್ಮ ಕಸುಬು. ಸಾಬರು ನನಗಿಂತ ಹಿರಿಯರು, ಸಿಟ್ಟೆಂಬುದೇ ಗೊತ್ತಿಲ್ಲದ ಮನುಷ್ಯ. ಇಬ್ಬರ ಸಿಟ್ಟನ್ನೂ ನಾನೊಬ್ಬನೇ ಮಾಡುತ್ತಿದ್ದೆ. ಮಾಲೂರಿನಲ್ಲಿ ಚುಂಗಾಣಿಗಳನ್ನು ಕೂಡಿಡುವ ಹುಚ್ಚಿನ ನಿವೃತ್ತ ಎಂಜಿನಿಯರೊಬ್ಬರಿದ್ದರು. ಅವರಿಗೆ ಮಾರಲು ಹೋಗಿ ಹೋಗಿ, ಬೈಸಿಕೊಂಡು ಬೈಸಿಕೊಂಡು, ನಾವಿಬ್ಬರೂ ಆ ವಿದ್ಯೆ ಕಲಿತೆವು.

ಮರದ ಬೇರಿನದು, ಜೇಡಿಮಣ್ಣಿನದು, ಇವೆಲ್ಲ ಸಾಧಾರಣ. ಅಪರೂಪದ್ದೆಂದರೆ ಬಿಳಿಯ ನೊರೆಕಲ್ಲಿನದು. ಕಲ್ಲೆಂದು ಕೈಗೆತ್ತಿಕೊಂಡರೆ ಬೆಂಡಿನ ಹಾಗೆ ಹಗುರ. ಹೊಸದರಲ್ಲಿ ಗಟ್ಟಿ ಮೊಸರಿನ ಬಣ್ಣ. ಸೇದುತ್ತಾ ಹೋದಂತೆ ಅದು ಹೊಗೆಯನ್ನು ಕುಡಿದು ಬುಡದಿಂದ ಜೇನಿನ ಬಣ್ಣಕ್ಕೆ ತಿರುಗುತ್ತದೆ, ವರ್ಷಗಳಾದ ಮೇಲೆ ಕಂದಾಗುತ್ತದೆ. ಅವಸರ ಮಾಡಿ ಸೇದಿದರೆ ಮಚ್ಚೆ ಬೀಳುತ್ತದೆ. ಮಚ್ಚೆಯಿಲ್ಲದೆ, ಬಿರುಕಿಲ್ಲದೆ, ಮೇಲಿನವರೆಗೆ ಸಮನಾಗಿ ಬಣ್ಣ ಬಂದಿದ್ದರೆ ಅದು ಬೆಲೆಬಾಳುವ ಚುಂಗಾಣಿ.

ಯುದ್ಧದ ವರ್ಷಗಳಲ್ಲಿ ಒಂದು ಬೆಳಿಗ್ಗೆ ಮುಳಬಾಗಿಲಿನ ಅಮಲ್ದಾರರಿಂದ ನಮ್ಮಿಬ್ಬರಿಗೂ ಕರೆ ಬಂತು. ಆಗ ಅಮಲ್ದಾರರಿಗೆ ಮ್ಯಾಜಿಸ್ಟ್ರೇಟರ ಅಧಿಕಾರವೂ ಇತ್ತು. ಇದ್ದಿಲ ಗ್ಯಾಸಿನ ಬಸ್ಸು ಅಲ್ಲಲ್ಲಿ ನಿಂತು ಕೆಮ್ಮಿ, ನಮ್ಮಿಂದ ತಳ್ಳಿಸಿಕೊಂಡು ಅಂತೂ ಮುಳಬಾಗಿಲು ಮುಟ್ಟಿತು. ಕಚೇರಿಯಲ್ಲಿ ಪೊಲೀಸಿನವನ ಪಕ್ಕ ಒಬ್ಬ ವಯಸ್ಸಾದ ಮನುಷ್ಯ ಕೈಕಟ್ಟಿ ನಿಂತಿದ್ದ. ಬೈರಕೂರಿನ ಕಡೆಯ ರೈತ, ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ಬಹಳ ವರ್ಷ ತೋಟದ ಮಾಲಿಯಾಗಿದ್ದವನು. ದೊರೆ ಊರಿಗೆ ಹೊರಟ ಮೇಲೆ ಬಂಗಲೆಯ ಬಟ್ಲರು ಚುಂಗಾಣಿ ಕಳುವಾಗಿದೆ ಎಂದು ದೂರು ಕೊಟ್ಟಿದ್ದ. ಅದು ಈ ಮಾಲಿಯ ಮನೆಯಲ್ಲಿ ಸಿಕ್ಕಿತ್ತು. ದೊರೆಯನ್ನು ಕೇಳೋಣವೆಂದರೆ ಅವನು ಹಡಗು ಹತ್ತಿ ಆಗಿತ್ತು. ಯುದ್ಧದ ಸಮುದ್ರದಲ್ಲಿ ಆ ಹಡಗು ಎಲ್ಲಿತ್ತೋ, ಯಾರಿಗೂ ತಿಳಿಯದು.

“ದೊರೆಗಳೇ ಕೊಟ್ರು ಬುದ್ಧಿ,” ಎಂದ ಮಾಲಿ.

“ತೋಟದ ಮಾಲಿಗೆ ಇಂಥದ್ದನ್ನ ಯಾಕಯ್ಯಾ ಕೊಡ್ತಾರೆ?” ಎಂದು ಅಮಲ್ದಾರರು ಕೇಳಿದರು. “ಕೊಟ್ರು ಬುದ್ಧಿ,” ಎಂದಷ್ಟೇ ಅಂದ ಮಾಲಿ.

ಅಮಲ್ದಾರರು ನಮ್ಮ ಕಡೆ ತಿರುಗಿದರು. “ಸಂತೇಲಿ ಸಿಗೋ ಸಾಮಾನಾದ್ರೆ ಎಚ್ಚರಿಕೆ ಹೇಳಿ ಕಳಿಸ್ತೀನಿ. ಬೆಲೆಬಾಳೋದಾದ್ರೆ ಕೊಟ್ರು ಅನ್ನೋ ಮಾತನ್ನ ನಂಬೋಕಾಗಲ್ಲ, ಜೈಲಿಗೆ ಕಳಿಸಬೇಕಾಗ್ತದೆ. ನೋಡಿ ಹೇಳಿ.”

ಸಾಬರು ಚರ್ಮದ ಪೆಟ್ಟಿಗೆ ತೆರೆದರು. ಹದ್ದಿನ ಉಗುರುಗಳು ಮೊಟ್ಟೆಯೊಂದನ್ನು ಹಿಡಿದ ಹಾಗೆ ಕೆತ್ತಿದ ನೊರೆಕಲ್ಲಿನ ಚುಂಗಾಣಿ. ಮೊಟ್ಟೆಯ ಬುಡದಿಂದ ಕಂಠದವರೆಗೆ ಒಂದು ಮಚ್ಚೆಯಿಲ್ಲದ ಕಂದು ಬಣ್ಣ. ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಯೋಚನೆಯೇ ಮಾಡದೆ, “ಸ್ವಾಮಿ, ಇಂಥದ್ದನ್ನ ನಾವು ಕಂಡೇ ಇಲ್ಲ,” ಎಂದುಬಿಟ್ಟೆ. ಸಾಬರು ಕಣ್ಣು ಮುಚ್ಚಿಕೊಂಡರು. ಮಾಲಿಯ ಮುಖ ನೋಡಲು ನನಗೆ ಆಗಲಿಲ್ಲ.

ಬಾಗಿಲ ಬಳಿ ಕೂತಿದ್ದ ರುಮಾಲಿನ ಹಿರಿಯರೊಬ್ಬರು ಎದ್ದರು. ಅವರು ಶ್ರೀನಿವಾಸಪುರದವರು, ಮಾಲಿಯ ಮಗಳನ್ನು ತಮ್ಮ ಮಗನಿಗೆ ತಂದುಕೊಳ್ಳಲು ಮುಹೂರ್ತ ಇಟ್ಟಿದ್ದವರು. “ಬುದ್ಧಿ, ನಮ್ ಬೀಗರು ಕಳ್ಳರಲ್ಲ. ಬಂಗಲೇಲಿ ಇಷ್ಟು ವರ್ಷ ಇದ್ರೂ ಅಲ್ಲಿ ಒಂದು ಲೋಟ ನೀರು ಕುಡಿದೋರಲ್ಲ, ಕೈಯಾರೆ ಬೇಯಿಸ್ಕೊಂಡು ತಿಂದೋರು. ಅಂಥಾ ಮನೆ ಅಂತಾನೇ ನಾವು ಹೆಣ್ಣು ಕೇಳಿದ್ದು. ಕೇಸು ಏನಾದ್ರೂ ಆಗ್ಲಿ, ಮದುವೆ ನಿಲ್ಲಲ್ಲ,” ಎಂದರು.

ಒಳ್ಳೆಯ ಮಾತೇ. ಆದರೆ ಅದೇ ಹೊತ್ತಿಗೆ, ಚುಂಗಾಣಿಯನ್ನು ಕೈಗೆತ್ತಿಕೊಂಡು ನೋಡುತ್ತಿದ್ದ ನನ್ನ ಹೆಬ್ಬೆರಳಿಗೆ ಅದರ ಬಾಯಿತುದಿಯಲ್ಲಿ ಏನೋ ತಗುಲಿತು. ಆ ತುದಿ ಕೊಂಬಿನದು, ಕೊಂಬಿನ ಮೇಲೆ ಹಲ್ಲು ಗುರುತು ಬಿಡುತ್ತದೆ. ಎಡಮಗ್ಗುಲಲ್ಲಿ ಹಳೆಯ, ಸವೆದ ಗುರುತು, ಅದು ದೊರೆಯದು. ಬಲಮಗ್ಗುಲಲ್ಲಿ ಇನ್ನೊಂದು ಗುರುತು, ಆಳವಾಗಿ, ಓರೆಯಾಗಿ, ಮುರಿದ ಹಲ್ಲಿನದು. ತಲೆಯೆತ್ತಿದೆ. ಮಾಲಿ ನನ್ನನ್ನೇ ನೋಡುತ್ತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ಬಲಗಡೆಯ ಕೋರೆಹಲ್ಲು ಅರ್ಧ ಮುರಿದಿತ್ತು. ಅವನು ಬೇಡ ಎನ್ನುವಂತೆ ತಲೆಯಾಡಿಸಿದ.

ಅಷ್ಟರಲ್ಲಿ ಅಮಲ್ದಾರರು ಊಟಕ್ಕೆ ಎದ್ದರು. ಕಚೇರಿಯ ಹಿಂದೆ ಹುಣಸೆಮರದ ಕೆಳಗೆ ಮಾಲಿಗೆ ಅವನ ಮಗಳು ಬುತ್ತಿ ಬಿಚ್ಚುತ್ತಿದ್ದಳು. ಪೊಲೀಸಿನವನು ಬೀಡಿ ಹಚ್ಚಿ ಆಚೆ ಹೋದ. ನಾನೂ ಸಾಬರೂ ಹತ್ತಿರ ಹೋದೆವು. ಹುಡುಗಿ ಮರದ ಆಚೆ ಬದಿಗೆ ಸರಿದು ಬೆನ್ನು ತಿರುಗಿಸಿ ಕೂತಳು.

“ಅದನ್ನ ನೀವೂ ಸೇದಿದ್ದೀರಿ,” ಎಂದೆ.

ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. “ದೊರೆಗೆ ಗಂಟಲು ಕೆಟ್ಟೋಯ್ತು. ಹೊಗೆ ಮುಟ್ಟಬೇಡ ಅಂದ್ಬಿಟ್ರು ಡಾಕ್ಟ್ರು. ಅರ್ಧ ಬಣ್ಣ ಬಂದಿತ್ತು, ನಿಲ್ಸಿದ್ರೆ ಹಾಳಾಗ್ತದೆ ಅಂತ ಒದ್ದಾಡೋರು. ಸಂಜೆ ಹೊತ್ತು ನನ್ನ ಮೆಟ್ಲು ಮೇಲೆ ಕೂರಿಸಿ, ಸೇದು, ನಿಧಾನಕ್ಕೆ ಸೇದು, ಅನ್ನೋರು. ತಾವು ಸುಮ್ನೆ ವಾಸ್ನೆ ಹಿಡ್ಕೊಂಡು ಕೂತಿರೋರು. ಪಾಪ ಅನ್ನಿಸ್ತು ಯಜಮಾನ್ರೆ. ಹೊರಡೋ ದಿನ, ಇದು ನಿಂದೇ, ಅಂತ ಕೈಗಿಟ್ರು.”

“ಇದನ್ನೇ ಒಳಗೆ ಹೇಳಿ. ಈಗಲೇ ಬಿಟ್ಟುಬಿಡ್ತಾರೆ.”

“ಹೇಳಿದ್ರೆ ಬೀಗ್ರು ಎದ್ದೋಗ್ತಾರೆ. ದೊರೆ ಎಂಜಲು ಬಾಯಿಗಿಟ್ಟೋನ ಮಗಳನ್ನ ಯಾರು ಮನೆ ತುಂಬಿಸ್ಕೋತಾರೆ? ಜೈಲಾದ್ರೆ ಆಗ್ಲಿ, ಒಂದಲ್ಲ ಒಂದು ದಿನ ವಾಪಸ್ ಬರ್ತೀನಿ. ನೀವು ಬಾಯಿ ಬಿಡಬೇಡಿ. ಕಾಲಿಗೆ ಬೀಳ್ತೀನಿ.”

ನನಗೆ ರೇಗಿಹೋಯಿತು. ಮಾಡದ ಕಳ್ಳತನಕ್ಕೆ ಜೈಲು, ಮಾಡಿದ ಉಪಕಾರಕ್ಕೆ ನಾಚಿಕೆ, ಇದೆಂಥಾ ನ್ಯಾಯ ರೀ ನಿಮ್ಮದು ಎಂದು ಗದರಿದೆ. ಸಾಬರು ನನ್ನ ತೋಳು ಹಿಡಿದು ಈಚೆಗೆ ಕರೆತಂದರು.

“ಭಾಯ್, ಬಾಯಿ ಅವ್ರದು, ಮಗಳು ಅವ್ರದು. ನಾವ್ಯಾರು ಹೇಳೋಕೆ?”

“ಹಾಗಂತ ಸುಮ್ನಿರೋದಾ?”

“ಕೇಳಿದ್ರೆ ಸುಳ್ಳು ಹೇಳಬೇಡಿ. ಕೇಳದೆ ಹೋದ್ರೆ ಸುಮ್ನಿರಿ.”

ಮತ್ತೆ ಒಳಗೆ ಹೋದೆವು. ಬೀಗರು ತಮ್ಮ ಜಾಗದಲ್ಲೇ ಕೂತಿದ್ದರು. ಅಮಲ್ದಾರರು ಎಲೆಯಡಿಕೆ ಜಗಿಯುತ್ತಾ ಲೇಖನಿ ತೆಗೆದುಕೊಂಡರು. ಬೇರೇನಾದರೂ ಗುರುತು ಕಂಡಿತೇ ಎಂದು ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಕಾದೆ. ಅವರು ಕೇಳಲಿಲ್ಲ. ಲೇಖನಿಯನ್ನು ಮಸಿಗೆ ಅದ್ದಿದರು. ಅವರಿಗೆ ತಿಳಿದಷ್ಟರಲ್ಲಿ ಅವರದು ತಪ್ಪೂ ಅಲ್ಲ. ನಾನು ಬಾಯಿ ಬಿಟ್ಟರೆ ಮದುವೆ ಮುರಿಯುತ್ತದೆ, ಮುಚ್ಚಿದರೆ ಈ ಮನುಷ್ಯ ಜೈಲಿಗೆ ಹೋಗುತ್ತಾನೆ.

“ಬುದ್ಧಿ.”

ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಪೊಲೀಸಿನವನು ತಡೆಯಲು ಹೋದ, ಅಮಲ್ದಾರರು ಬಿಡು ಎಂದರು.

“ಅದನ್ನ ನಮ್ ನಾಯ್ನಾನೇ ಸೇದಿರೋದು ಬುದ್ಧಿ,” ಎಂದು ಅಪ್ಪನ ಕಡೆ ಕೈ ತೋರಿದಳು. “ದೊರೆಗೆ ಗಂಟಲು ಸರಿ ಇರಲಿಲ್ಲ, ಅವರ ಬದಲಿಗೆ ಇವರು ಸೇದೋರು. ಅದಕ್ಕೇ ಅವರು ಕೊಟ್ಟೋಗಿರೋದು.”

“ಇಲ್ಲ ಬುದ್ಧಿ,” ಎಂದು ಮಾಲಿ ಮುಂದೆ ಬಂದ. “ಮಗು ಹೆದರ್ಕೊಂಡು ಏನೇನೋ ಹೇಳ್ತದೆ. ನಾನು ಅದನ್ನ ಬಾಯಿಗಿಟ್ಟಿಲ್ಲ. ಕದ್ದೆ. ಕದ್ದಿದ್ದೇ ನಿಜ. ಬರ್ಕೊಳ್ಳಿ.”

ನಾನು ಎಷ್ಟೋ ಜನ ಕಳ್ಳರನ್ನು ಕಂಡಿದ್ದೇನೆ. ಕದಿಯದೆ ಕದ್ದೆನೆಂದು ಅಂಗಲಾಚಿದವನನ್ನು ಅಲ್ಲಿ ಬಿಟ್ಟು ಎಲ್ಲೂ ಕಾಣಲಿಲ್ಲ. ಬೀಗರು ಎದ್ದುನಿಂತು ಒಮ್ಮೆ ಹುಡುಗಿಯನ್ನು, ಒಮ್ಮೆ ಅವಳ ಅಪ್ಪನನ್ನು ನೋಡಿದರು. ಅಮಲ್ದಾರರು ನನ್ನತ್ತ ತಿರುಗಿದರು.

“ಏನ್ರೀ, ಇದನ್ನ ಇಬ್ಬರು ಸೇದಿರೋ ಗುರುತೇನಾದ್ರೂ ಇದೆಯಾ?”

ಮಾಲಿಯ ಕಣ್ಣು ನನ್ನ ಮೇಲಿತ್ತು. ಹುಡುಗಿಯದೂ ಇತ್ತು. ನಾನು ಹುಡುಗಿಯನ್ನು ನೋಡಿದೆ.

“ಇದೆ ಸ್ವಾಮಿ. ಎರಡು ಥರದ ಹಲ್ಲಿನ ಗುರುತಿದೆ. ಒಂದು ಮುರಿದ ಹಲ್ಲಿಂದು, ಒಂದೆರಡು ವಾರದ್ದಲ್ಲ, ಬಹಳ ಕಾಲ ಕಚ್ಚಿ ಆಗಿರೋದು.”

“ಹಾಗಾದ್ರೆ ಬಾಯಿಗಿಟ್ಟು ತೋರಿಸಲಿ.”

ಚುಂಗಾಣಿಯನ್ನು ಕೈಗೆ ಕೊಟ್ಟರೂ ಮಾಲಿ ತುಟಿ ಬಿಚ್ಚಲಿಲ್ಲ. ದವಡೆ ಬಿಗಿದು ನಿಂತ, ಕಣ್ಣಲ್ಲಿ ನೀರು ತುಂಬಿತು. ಮಗಳು ಹತ್ತಿರ ಹೋಗಿ ಮೆಲ್ಲಗೆ, “ಕಚ್ಚು ನಾಯ್ನಾ,” ಎಂದಳು. ಅವನು ಕಣ್ಣು ಮುಚ್ಚಿ ಕಚ್ಚಿದ. ಮುರಿದ ಕೋರೆಹಲ್ಲು ಬಲಗಡೆಯ ಆ ಓರೆ ಗುಂಡಿಯಲ್ಲಿ ಹೋಗಿ ಕೂತಿತು. ನೋಡಲು ಯಾವ ವಿದ್ಯೆಯೂ ಬೇಕಿರಲಿಲ್ಲ, ಬಾಗಿಲ ಬಳಿ ಇದ್ದವರಿಗೂ ಕಾಣಿಸಿತು. ಬೀಗರು ಹೆಗಲ ಮೇಲಿನ ವಸ್ತ್ರವನ್ನು ಕೊಡವಿಕೊಂಡು ಹೊರಗೆ ನಡೆದರು.

ಅಮಲ್ದಾರರು ಕೇಸು ವಜಾ ಮಾಡಿ ಚುಂಗಾಣಿಯನ್ನು ಅವನಿಗೇ ಕೊಡಿಸಿದರು. ಹೊರಗೆ ಜಗಲಿಯ ಕೆಳಗೆ ಬೀಗರ ಕಡೆಯವರು ಗಾಡಿ ಕಟ್ಟುತ್ತಿದ್ದರು. ಮಾಲಿ ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ನೀರು ಬೇಕೆಂದು ಎರಡೂ ಅಂಗೈ ಸೇರಿಸಿ ಬೊಗಸೆಯೊಡ್ಡಿದ. ಮನೆಯ ಚೊಂಬನ್ನು ತಾನಿನ್ನು ಮುಟ್ಟಬಾರದು, ಮೇಲಿನಿಂದ ಹುಯ್ಯಿಸಿಕೊಂಡೇ ಕುಡಿಯಬೇಕು ಎಂದು ಅವನಿಗೆ ಅವನೇ ತೀರ್ಪು ಕೊಟ್ಟುಕೊಂಡಿದ್ದ. ಅದನ್ನು ನೋಡಲಾರದೆ ಸಾಬರು ಮುಖ ತಿರುಗಿಸಿದರು.

ಹುಡುಗಿ ನೀರು ಹುಯ್ಯಲಿಲ್ಲ. ಆ ಬೊಗಸೆಯನ್ನು ಬಿಡಿಸಿ ಚೊಂಬನ್ನು ಅವನ ಕೈಗಿಟ್ಟಳು. ಅವನು ತುಟಿಗೆ ತಾಕಿಸದೆ ಎತ್ತಿ ಕುಡಿಯಲು ಹೋದ, ನೀರು ಮೈಮೇಲೆಲ್ಲ ಚೆಲ್ಲಿತು. ಅವಳು ಚೊಂಬಿನ ಅಂಚನ್ನು ಅವನ ತುಟಿಗೇ ಹಚ್ಚಿ ಕುಡಿಸಿದಳು. ಆಮೇಲೆ ಗಾಡಿಯ ಕಡೆಗೆ ತಿರುಗಿ ನಿಂತು, ಬೀಗರು ನೋಡುತ್ತಿರುವ ಹಾಗೆಯೇ, ಉಳಿದ ನೀರನ್ನು ಅದೇ ಅಂಚಿಗೆ ಬಾಯಿಟ್ಟು ಕುಡಿದಳು.